ನೂರಕ್ಕೆ ಒಂದು ಫ್ರಾಂಕ್



ಊರಿಗೆ ದುಡ್ಡು ಕಳಿಸುವಾಗ ಕಮಿಷನ್ ಎಷ್ಟು ಹೋಯಿತೆಂದು ಲೆಕ್ಕ ಹಾಕದವರು ನಮ್ಮಲ್ಲಿ ಯಾರಿದ್ದಾರೆ? ಕೈತುಂಬಾ ಸಂಬಳ ಎಣಿಸುವ ನಮಗೇ ಅದು ಚುಚ್ಚುತ್ತದೆ. ಇನ್ನು ಡಾಕಾರ್‌ನಲ್ಲಿ ದುಡಿದು ಹಳ್ಳಿಯಲ್ಲಿರುವ ತಾಯಿಗೆ 10,000 ಫ್ರಾಂಕ್, ಅಂದರೆ ಸುಮಾರು 15 ಯೂರೋ, ಕಳಿಸುವ ಕೂಲಿಯವನ ಪಾಡೇನು?

ಸೆನೆಗಲ್‌ನಲ್ಲಿ ವೇವ್ ಕಂಪನಿ ಬೆಳೆದದ್ದು ಈ ಪ್ರಶ್ನೆಗೆ ಉತ್ತರ ಕೊಟ್ಟೇ. 2018ರಲ್ಲಿ ಅಲ್ಲಿ ಶುರುವಾದ ಈ ಮೊಬೈಲ್ ಹಣದ ಸೇವೆ, ದುಡ್ಡು ಕಟ್ಟುವುದನ್ನೂ ತೆಗೆಯುವುದನ್ನೂ ಉಚಿತ ಮಾಡಿತು. ಕಳಿಸಲು ಶೇ. 1 ಮಾತ್ರ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಕ್ಯೂಆರ್ ಕಾರ್ಡ್ ಕೊಟ್ಟಿತು. ಜನ ಮುಗಿಬಿದ್ದರು. ದೂರವಾಣಿ ದೈತ್ಯ ಆರೆಂಜ್ ಕೂಡ 2021ರಲ್ಲಿ ದರ ಇಳಿಸಬೇಕಾಯಿತು. ಅದೇ ವರ್ಷ ವೇವ್ 20 ಕೋಟಿ ಡಾಲರ್ ಬಂಡವಾಳ ಸಂಗ್ರಹಿಸಿತು. ಕಂಪನಿಯ ಮೌಲ್ಯ 170 ಕೋಟಿ ಡಾಲರ್ ಮುಟ್ಟಿತು.

ಎಲ್ಲರೂ ಚಪ್ಪಾಳೆ ತಟ್ಟಿದ್ದು ಆ 170 ಕೋಟಿಗೆ. ನನ್ನ ಪ್ರಕಾರ ನಿಜವಾದ ಸಾಧನೆ ಆ ಶೇ. 1!

ಆದರೆ ಎದುರಾಳಿಗಳೇ ಇಲ್ಲದ ದಿನ ಬಂದರೆ ಆ ದರ ಹಾಗೇ ಉಳಿದೀತೇ? ಹೂಡಿಕೆದಾರರು ಲಾಭ ಕೇಳದೆ ಬಿಟ್ಟಾರೆಯೇ? ಕಂಪನಿಯ ಒಳ್ಳೆಯತನವನ್ನೇ ನಂಬಿ ಕೂರುವುದು ಜಾಣತನವಲ್ಲ. ಪಶ್ಚಿಮ ಆಫ್ರಿಕಾದ ಎಂಟು ದೇಶಗಳ ಕೇಂದ್ರ ಬ್ಯಾಂಕು 2025ರಲ್ಲಿ, ಬೇರೆ ಬೇರೆ ಬ್ಯಾಂಕು, ವ್ಯಾಲೆಟ್‌ಗಳ ನಡುವೆ ತಕ್ಷಣ ಹಣ ಸಾಗಿಸುವ ಸಾರ್ವಜನಿಕ ವ್ಯವಸ್ಥೆ ತೆರೆಯಿತು. ನಮ್ಮ ಯುಪಿಐ ಹಿಡಿದ ಹಾದಿಯೂ ಇದೇ ತಾನೇ?

ಬೇಡವೆಂದಾಗ ಬಿಟ್ಟು ಹೋಗಬಲ್ಲ ಗ್ರಾಹಕನಿಗೆ ಮಾತ್ರ ಕಂಪನಿ ಹೆದರುತ್ತದೆ. ಇಂಥ ವ್ಯವಸ್ಥೆಗಳನ್ನು ಕಟ್ಟುವ ಕೆಲಸದಲ್ಲಿರುವ ನಮ್ಮವರು ಇದನ್ನು ಮರೆಯದಿರಲಿ.