ಪಾಟಿಚೀಲದಾಗ ಎರಡು ಕಿಲೋ ಉಸುಕು

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕಾಲಿಗೆ ಸೆನ್ಸರ್ ಹಚ್ಚುವ ಮೊದಲು ಆ ಮನೆಗೊಂದು ಮಣೆ ಮಾಡಿಕೊಡೋಣ ಅನ್ನೋದು ನಮ್ಮ ವಾದ. ಊಟಕ್ಕೆ ಕೂರುವ ಮಣೆಯಂಥದ್ದೇ. ಸ್ವಲ್ಪ ಎತ್ತರ, ಸ್ವಲ್ಪ ಅಗಲ, ಮೇಲೆ ಕಾಲಿಟ್ಟರೆ ಅಲುಗಬಾರದು, ಜಾರಬಾರದು. ಜೊತೆಗೊಂದು ಹಳೇ ಪಾಟಿಚೀಲ, ಅದರೊಳಗೆ ತೂಕ ಮಾಡಿದ ಉಸುಕು. ಇಷ್ಟಕ್ಕೆ ಇಂಜಿನಿಯರಿಂಗ್ ಯಾಕೆ ಬೇಕು ಅಂತ ಕೇಳ್ತೀರಿ. ಬೇಕು, ಯಾಕೆ ಅಂತ ಹೇಳ್ತೀವಿ.

ನಮ್ಮ ಗುಂಪಿನಲ್ಲಿ ಒಬ್ಬನ ಊರು ಕನಮಡಿ. ವಿಜಯಪುರದಿಂದ ತಿಕೋಟಾ ದಾಟಿ ಇನ್ನೂ ಮುಂದೆ, ಮಹಾರಾಷ್ಟ್ರದ ಗಡಿ ಹತ್ತಿರ. ಆಚೆ ಹೋದರೆ ಸಾಂಗ್ಲಿ ಜಿಲ್ಲೆಯ ಜತ್ತ. ಆ ಕಡೆಯ ಊರುಗಳಲ್ಲಿ ಯಾರೂ ಸೆರೆಬ್ರಲ್ ಪಾಲ್ಸಿ ಅನ್ನಲ್ಲ. ‘ಕಾಲ ಬಂದಿಲ್ಲ’ ಅಂತಾರೆ, ‘ಲಕ್ವಾ ಹೊಡದೈತಿ’ ಅಂತಾರೆ, ಬಹಳ ಸಲ ‘ಪೋಲಿಯೋ ಆಗೈತಿ’ ಅಂತಾರೆ. ಭಾರತ ಪೋಲಿಯೋಮುಕ್ತ ಅಂತ 2014ರಲ್ಲೇ ಘೋಷಣೆ ಆಗಿದೆ, ಆದರೆ ಕಾಲು ಸೊಟ್ಟಗಿದ್ದವರಿಗೆಲ್ಲ ಆ ಹೆಸರು ಇನ್ನೂ ಅಂಟಿಕೊಂಡಿದೆ. ಇದು ಬರೀ ಹೆಸರಿನ ಜಗಳ ಅಲ್ಲ. ಪೋಲಿಯೋದಲ್ಲಿ ಕೆಡುವುದು ಮುಖ್ಯವಾಗಿ ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ನರಕೋಶ. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ: ಹೊಟ್ಟೆಯಲ್ಲಿದ್ದಾಗ, ಹೆರಿಗೆ ಹೊತ್ತಿನಲ್ಲಿ, ಅಥವಾ ಹುಟ್ಟಿದ ಮೇಲೆ ಎಳೆ ವಯಸ್ಸಿನಲ್ಲಿ. ಕಾಲು ಮೆತ್ತಗಾಗುವ ಬದಲು ಹೆಚ್ಚಿನ ಮಕ್ಕಳಲ್ಲಿ ಬಿಗಿಯಾಗುತ್ತದೆ.

ಈ ಬಿಗಿತವನ್ನ ಅರ್ಥ ಮಾಡ್ಕೊಳ್ಳೋಕೆ ನಮ್ಮ ಸಿಲೆಬಸ್ಸೇ ಸಾಕು. ಸ್ಪ್ಯಾಸ್ಟಿಸಿಟಿ ವೇಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಕಾಲನ್ನು ನಿಧಾನ ಚಾಚಿದರೆ ಸುಮಾರಾಗಿ ಬರುತ್ತೆ, ಗಕ್ಕನೆ ಎಳೆದರೆ ತಡೆಯುತ್ತೆ. ಅಂದ್ರೆ ಡ್ಯಾಂಪರ್ ಇದ್ದ ಹಾಗೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಸ್ನಾಯುವೇ ಗಿಡ್ಡಾಗಿ, ನಿಧಾನ ಎಳೆದರೂ ಬರುವುದಿಲ್ಲ. ಅದು ಗಟ್ಟಿ ಸ್ಪ್ರಿಂಗ್. ಇವೆರಡೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಕಾಣದೇ ಇರೋದು ಮೂರನೆಯದು: ಮೋಟರ್ ಶಕ್ತಿಯೇ ಕಡಿಮೆ. ಬಿಗಿಯಾದ ಕಾಲು ನೋಡಿದವರಿಗೆ ಅದು ಬಲಹೀನ ಕಾಲು ಅಂತ ಅನ್ನಿಸೋದೇ ಇಲ್ಲ.

ಡಾಕ್ಟರುಗಳಿಗೂ ಬಹಳ ಕಾಲ ಅನ್ನಿಸಿರಲಿಲ್ಲ. ಲಂಡನ್ನಿನ ಬೊಬಾತ್ ದಂಪತಿ 1940ರ ದಶಕದಿಂದ ಕಟ್ಟಿದ ಚಿಕಿತ್ಸಾ ಪದ್ಧತಿ ಜಗತ್ತಿನ ತುಂಬ ಹಬ್ಬಿತು. ಭಾರ ಕೊಟ್ಟು ವ್ಯಾಯಾಮ ಮಾಡಿಸಿದರೆ ಬಿಗಿತ ಇನ್ನೂ ಜಾಸ್ತಿ ಆಗುತ್ತೆ ಅನ್ನೋ ಭಯ ಆ ಪದ್ಧತಿಯ ಜೊತೆಗೇ ಬಂತು. 1990ರ ದಶಕದಲ್ಲಿ ಅಮೆರಿಕದ ಡಯಾನ್ ಡಮಿಯಾನೊ ಮತ್ತಿತರರು ಅಳೆದು ನೋಡಿದಾಗ ಬಲ ಹೆಚ್ಚಿತು, ಬಿಗಿತ ಹೆಚ್ಚಲಿಲ್ಲ. ಆಮೇಲೆ 2003ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಕರೆನ್ ಡಾಡ್, ನಿಕೊಲಸ್ ಟೇಲರ್, ಕೆರ್ ಗ್ರಹಾಂ ಒಂದು ಪ್ರಯೋಗ ಪ್ರಕಟಿಸಿದರು. ಎರಡೂ ಕಾಲು ಬಿಗಿಯಾಗಿದ್ದ 21 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಮನೆಯಲ್ಲೇ 6 ವಾರ, ವಾರಕ್ಕೆ 3 ಸಲ ವ್ಯಾಯಾಮ. ಅದರಲ್ಲಿ ಇದ್ದದ್ದು ಮೂರೇ: ಹಿಮ್ಮಡಿ ಎತ್ತೋದು, ಅರ್ಧ ಬಸ್ಕಿ, ಮೆಟ್ಟಿಲು ಹತ್ತಿ ಇಳಿಯೋದು. ಭಾರ ಹೆಚ್ಚಿಸೋಕೆ ಬೆನ್ನಿಗೊಂದು ಚೀಲ. ಕಾಲಿನ ಬಲ ಹೆಚ್ಚಿತು, ವ್ಯಾಯಾಮ ನಿಲ್ಲಿಸಿ ಮೂರು ತಿಂಗಳಾದ ಮೇಲೆ ಅಳೆದಾಗಲೂ ಉಳಿದಿತ್ತು.

ಬಸ್ಕಿ, ಭಾರ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಗರಡಿಮನೆ. ಜಾತ್ರೆಯಲ್ಲಿ ಕ್ವಿಂಟಲ್ ಚೀಲ ಎತ್ತುವ ಪೈಲ್ವಾನ ಮೊದಲ ದಿನವೇ ಅದನ್ನ ಎತ್ತಿಲ್ಲ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಏರಿಸಿರುತ್ತಾನೆ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು. ಪುಸ್ತಕದಲ್ಲಿ ಅದಕ್ಕೆ ಪ್ರೊಗ್ರೆಸಿವ್ ಓವರ್‌ಲೋಡ್ ಅಂತಾರೆ. ಅದೇ ಲೆಕ್ಕ ಕಾಲು ಬಿಗಿ ಇರುವ ಮಗುವಿಗೂ ನಡೆಯುತ್ತೆ ಅಂತ ಮಾತ್ರ ಯಾರೂ ಹೇಳಿಲ್ಲ. ಕನಮಡಿಯ ಒಬ್ಬ ತಾಯಿಗೆ ಈ ಚೀಲದ ಮಾತು ಹೇಳಿದಾಗ ಅವರು ಕೇಳಿದ್ದು, ‘ಮೊದ್ಲ ಕಾಲ ನೆಟ್ಟಗ ನಿಲ್ಲೂದಿಲ್ಲ, ಮ್ಯಾಲ ಭಾರ ಹೊರಸೂದ ಹೆಂಗ್ರಿ ತಮ್ಮಾ?’ ನ್ಯಾಯವಾದ ಪ್ರಶ್ನೆ. ಬೊಬಾತ್ ಕಾಲದ ತಜ್ಞರೂ ಕೇಳಿದ್ದು ಇದನ್ನೇ ಅಲ್ವಾ.

ಈಗ ಇದರ ಇನ್ನೊಂದು ಮಗ್ಗುಲು. ಬಲ ಬಂದ ಕೂಡಲೇ ಮಗು ಓಡಾಡಿಬಿಡುತ್ತೆ ಅಂತ ನಾವು ಹೇಳ್ತಿಲ್ಲ. ನಂತರ ನೆದರ್ಲೆಂಡ್ಸ್ ಮತ್ತು ಆಸ್ಟ್ರೇಲಿಯಾಗಳಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಸ್ನಾಯುಬಲ ಹೆಚ್ಚಿತು, ಆದರೆ ನಡಿಗೆಯ ವೇಗ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ನಡಿಗೆಗೆ ಬಲದ ಜೊತೆ ಸಮತೋಲ ಬೇಕು, ಮಿದುಳಿನ ನಿಯಂತ್ರಣ ಬೇಕು. ‘ಆರು ವಾರದಲ್ಲಿ ನಡೆಸ್ತೀವಿ’ ಅನ್ನುವವರು ಎಣ್ಣೆ ಮಾರುವವರೋ ಬೆಲ್ಟ್ ಮಾರುವವರೋ ಆಗಿರುತ್ತಾರೆ, ಅವರಿಗೆ ದುಡ್ಡು ಸುರಿದ ಮನೆಗಳು ನಮ್ಮ ಕಡೆ ಕಮ್ಮಿ ಇಲ್ಲ.

ಮತ್ತೆ ಯಾಕೆ ಮಾಡಬೇಕು? ಮಿದುಳಿನ ಪೆಟ್ಟು ಬೆಳೆಯುವುದಿಲ್ಲ, ಮಗು ಬೆಳೆಯುತ್ತದೆ. ಎತ್ತರ ಒಂದೂವರೆ ಪಟ್ಟಾದರೆ ತೂಕ ಹೆಚ್ಚೂಕಮ್ಮಿ ಅದರ ಘನದಂತೆ ಏರುತ್ತೆ, ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕಂತೆ, ಅಂದ್ರೆ ವರ್ಗದಂತೆ ಮಾತ್ರ. ಪೂರ್ಣ ಆರೋಗ್ಯ ಇರುವ ಸ್ನಾಯು ಹೇಗೋ ತೂಗಿಸುತ್ತೆ, ಮೊದಲೇ ಸೋತದ್ದಕ್ಕೆ ಆಗಲ್ಲ. ಎಂಟನೇ ವರ್ಷಕ್ಕೆ ಗೋಡೆ ಹಿಡಿದು ನಡೀತಿದ್ದ ಹುಡುಗ ಹದಿನಾಲ್ಕಕ್ಕೆ ಕೂತುಬಿಡೋದು ಇದರಿಂದಲೇ ಬಹಳ ಸಲ. ಹಾಸಿಗೆಯಿಂದ ತಾನೇ ಎದ್ದು ನಿಲ್ಲೋದು, ಸಂಡಾಸಿಗೆ ತಾನೇ ಹೋಗೋದು, ಬಸ್ಸಿನ ಎತ್ತರದ ಪಾವಟಿಗೆಗೆ ಒಂದು ಕಾಲು ಎತ್ತಿ ಇಡೋದು, ಇಷ್ಟನ್ನು ಇನ್ನೂ ಕೆಲವು ವರ್ಷ ಉಳಿಸಿಕೊಳ್ಳೋದೇ ಗುರಿ ಆಗಬೇಕು. ಹದಿನಾಲ್ಕರ ಮಗನನ್ನು ಎತ್ತಿ ಸಂಡಾಸಿಗೆ ಒಯ್ಯುವ ತಾಯಿಯ ಸೊಂಟವನ್ನು ಯಾವ ಪ್ರಯೋಗವೂ ಅಳೆದ ಹಾಗಿಲ್ಲ ಬಿಡಿ.

ಆಸ್ಪತ್ರೆಗೇ ಕರ್ಕೊಂಡು ಬರಬಹುದಲ್ಲ? ವಾರಕ್ಕೆ ಮೂರು ಸಲ ಕನಮಡಿಯಿಂದ ವಿಜಯಪುರಕ್ಕೆ ಬಂದು ಹೋಗುವ ಲೆಕ್ಕ ಹಾಕಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ ಇಲ್ಲ, ಒಪ್ತೀವಿ. ಆದರೆ ಹೋಗಿ ಬರೋದಕ್ಕೆ ಇಡೀ ದಿನ ಬೇಕು, ಆ ದಿನದ ಪಗಾರ ಹೋಯ್ತು. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಚಾಟ್ನಿ ಶುರುವಾದರೆ, ಮುಂದೆ ಒಣದ್ರಾಕ್ಷಿ ಶೆಡ್ಡಿನ ಕೆಲಸ ಬಂದರೆ, ದುಡಿಯೋ ದಿನ ಬಿಟ್ಟು ಯಾರೂ ಬರಲ್ಲ, ಬರಬೇಕು ಅಂತ ಹೇಳುವ ಹಕ್ಕೂ ನಮಗಿಲ್ಲ. ಕಬ್ಬು ಕಡಿಯಲು ಗುಳೆ ಹೋಗುವ ಮನೆಯಲ್ಲಿ ಮಗು ಅಜ್ಜಿ ಹತ್ತಿರ ಇರುತ್ತೆ. ಹಾಗಾಗಿ ವ್ಯಾಯಾಮ ಮನೆಗೇ ಬರಬೇಕು.

ಆದರೆ ‘ಮನೆಯಲ್ಲೇ ಮಾಡಿಸಿ’ ಅನ್ನೋದು ಜವಾಬ್ದಾರಿ ಜಾರಿಸುವ ಮಾತೂ ಆಗಬಹುದು. ನಾವು ನೋಡಿದ ಒಂದು ಮನೆಯಲ್ಲಿ ಒಂದು ಝೆರಾಕ್ಸ್ ಹಾಳೆ ಇತ್ತು. ಪೂರ್ತಿ ಇಂಗ್ಲಿಷ್. ಗೊಂಬೆ ಚಿತ್ರಗಳು, ಕೆಳಗೆ ಕ್ವಾಡ್ರಿಸೆಪ್ಸ್, ಮೂರು ಸೆಟ್, ಹತ್ತು ರೆಪ್. ಆ ಮನೆಯ ಅಜ್ಜಿ ಅದನ್ನ ಔಷಧದ ಚೀಟಿ ಜೊತೆ ಮಡಚಿ ಇಟ್ಟಿದ್ದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕಾಫ್ ಮಸಲ್ ಗೊತ್ತು, ಆ ಅಜ್ಜಿಗೆ ಮೀನಖಂಡ ಗೊತ್ತು. ಅವರ ಪದ ನಮಗೆ ಹೊಸದು, ನಮ್ಮದು ಅವರಿಗೆ. ಕನ್ನಡ ಸಂಘ ನವೆಂಬರ್‌ನಲ್ಲಿ ಬಾವುಟ ಹಾರಿಸೋದು ಚೆಂದವೇ, ಆದರೆ ಈ ಹಾಳೆಯನ್ನ ನಮ್ಮ ವಿಜಯಪುರದ ಕನ್ನಡದಲ್ಲಿ ಬರೆಯೋದು ಇನ್ನೂ ಚೆಂದ ಅಂತ ನಮ್ಮ ಅನಿಸಿಕೆ. ‘ಗ್ವಾಡಿ ಹಿಡದು ನಿಂದ್ರು. ಹಿಮ್ಮಡಿ ಎತ್ತು. ಮೂರ ಎಣಸು. ಸಾವಕಾಶ ಇಳಸು.’ ‘ಸಾವಕಾಶ’ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು, ಡ್ಯಾಂಪರ್ ನೆನಪಿದೆಯಲ್ಲ?

ಯಾವ ಮಗುವಿಗೆ ಯಾವ ವ್ಯಾಯಾಮ ಅನ್ನೋದನ್ನ ಫಿಸಿಯೋಥೆರಪಿಸ್ಟ್ ನೋಡಿಯೇ ಹೇಳಬೇಕು. ಇದರಲ್ಲಿ ನಾವು ಕೈ ಹಾಕುವ ಹಾಗಿಲ್ಲ. 1997ರಿಂದ ಬಳಕೆಯಲ್ಲಿರುವ ಜಿ.ಎಂ.ಎಫ್.ಸಿ.ಎಸ್. ಅನ್ನೋ ವಿಂಗಡಣೆಯಲ್ಲಿ ಐದು ಹಂತ ಇದ್ದಾವೆ. ಚೀಲ ಹೊತ್ತು ಮಣೆ ಹತ್ತುವ ಮಾತು ಮೊದಲ ಮೂರು ಹಂತದವರಿಗೆ, ಅದೂ ಹೇಳಿದ್ದನ್ನು ಕೇಳಿ ಮಾಡುವ ವಯಸ್ಸಿನವರಿಗೆ. ನಾಲ್ಕು, ಐದನೇ ಹಂತದ ಮಕ್ಕಳಿಗೆ ಕೂರುವ ಕುರ್ಚಿ, ಮಲಗುವ ಭಂಗಿ, ನುಂಗುವ ತೊಂದರೆ ಇವೇ ಮೊದಲು. ಸೊಂಟದ ಕೀಲು ಜಾರಿದ್ದರೆ, ಆಪರೇಶನ್ ಆಗಿದ್ದರೆ, ಫಿಟ್ಸ್ ಹಿಡಿತದಲ್ಲಿ ಇಲ್ಲದಿದ್ದರೆ ಕೇಳದೇ ಏನೂ ಮಾಡಬಾರದು. ಭಾರ ಎಷ್ಟು ಅನ್ನೋದಕ್ಕೆ ಸುಲಭದ ಅಳತೆ ಇದೆ: ಎಂಟರಿಂದ ಹತ್ತು ಸಲ ಸರಿಯಾಗಿ ಮಾಡಲು ಆಗಬೇಕು, ಹತ್ತನೆಯದಕ್ಕೆ ಸುಸ್ತಾಗಬೇಕು. ಹದಿನೈದು ಸಲ ಆರಾಮಾಗಿ ಮಾಡಿದರೆ ಭಾರ ಸಾಲದು, ಐದಕ್ಕೇ ಮೊಣಕಾಲು ಒಳಗೆ ವಾಲಿದರೆ ಜಾಸ್ತಿ ಆಯ್ತು. ನಡುವೆ ಒಂದು ದಿನ ಬಿಡುವು.

ಈಗ ನಮ್ಮ ಕಾಲೇಜಿನ ಕಡೆ ಬರೋಣ. ಪ್ರತಿ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಅಂಗವಿಕಲರಿಗಾಗಿ ಅಂತ ಒಂದು ಸ್ಮಾರ್ಟ್ ಕೈಗವಸು, ಒಂದು ಸ್ಮಾರ್ಟ್ ಕೋಲು ಇದ್ದೇ ಇರುತ್ತೆ. ಆರ್ಡ್ವಿನೋ ಮಿನುಗುತ್ತೆ, ಎಕ್ಸ್‌ಟರ್ನಲ್ ಮೆಚ್ಚುತ್ತಾರೆ, ಜೂನ್‌ನಲ್ಲಿ ಅದು ಲ್ಯಾಬಿನ ಬೀರು ಸೇರುತ್ತೆ. ಅಂಥದ್ದು ಬೇಡ ಅಂತಲ್ಲ. ಆದರೆ ಚಾರ್ಜ್ ಮಾಡೋಕೆ, ರಿಪೇರಿ ಮಾಡೋಕೆ ಜನ ಇಲ್ಲದ ಕಡೆ ಕೆಡದ ವಸ್ತು ಬೇಕು. 5, 10, 15 ಸೆಂಟಿಮೀಟರ್ ಎತ್ತರದ, ಒಂದರ ಮೇಲೊಂದು ಕೂತು ಲಾಕ್ ಆಗುವ ಮೂರು ಮಣೆ. ಕಾಲು ಕಿಲೋದ ಉಸುಕಿನ ಚೀಲಗಳು, ಹಳೇ ಜೀನ್ಸ್ ಪ್ಯಾಂಟಿನಿಂದ ಟೇಲರ್ ಹೊಲಿದುಕೊಡ್ತಾನೆ. ಎಂಟು ಹಾಕಿದರೆ ಎರಡು ಕಿಲೋ. ಹಿಡಿದು ನಿಲ್ಲಲು ಜಿ.ಐ. ಪೈಪಿನ ಸರಳು, ಮಗುವಿನ ಎತ್ತರಕ್ಕೆ ಏರಿಸಿ ಇಳಿಸುವಂತೆ. ಮಣೆ ಅಂಚಿನಲ್ಲಿ ಕಾಲಿಟ್ಟರೆ ಮಗುಚುತ್ತಾ ಅನ್ನೋದು ಪಕ್ಕಾ ಸ್ಟ್ಯಾಟಿಕ್ಸ್ ಲೆಕ್ಕ. ಗೋಡೆಗೆ ಅಂಟಿಸಲು ಆರು ವಾರದ ಒಂದು ತಖ್ತೆ, ಮಾಡಿದ ದಿನ ಮಗುವೇ ಒಂದು ಗೆರೆ ಎಳೆಯಲಿ. ಬಡಿಗೇರ ಅಂಗಡಿಯಲ್ಲಿ ಒಂದೇ ದಿನದಲ್ಲಿ ಮುಗಿಯುವ ಕೆಲಸ ಇದು.

ಸರಕಾರದ ಕಡೆಯಿಂದ ಏನೂ ಇಲ್ಲ ಅನ್ನುವ ಹಾಗಿಲ್ಲ. ಆರ್.ಬಿ.ಎಸ್.ಕೆ. ತಂಡ 2013ರಿಂದ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುತ್ತೆ. ಶಾಲೆಗೆ ಬರಲಾಗದ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಗೃಹಾಧಾರಿತ ಶಿಕ್ಷಣ ಇದೆ, ಬಿ.ಐ.ಇ.ಆರ್.ಟಿ. ಶಿಕ್ಷಕರು ಮನೆಗೆ ಬರ್ತಾರೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತೆ. ಹದಿನೈದು ದಿನಕ್ಕೊಮ್ಮೆ ಒಬ್ಬ ಫಿಸಿಯೋಥೆರಪಿಸ್ಟ್ ಹೋಬಳಿ ಮಟ್ಟಕ್ಕೆ ಬಂದು ಭಾರ ಏರಿಸಬೇಕಾ, ಇಳಿಸಬೇಕಾ ಅಂತ ನೋಡಿ ಹೋದರೆ ಈ ಎಲ್ಲ ಬಿಡಿ ಎಳೆಗಳು ಒಂದು ಹಗ್ಗ ಆಗುತ್ತವೆ. ನಾವು ಕೇಳಬೇಕಾದದ್ದು ಅದನ್ನೇ.

ಎನ್.ಎಸ್.ಎಸ್. ಶಿಬಿರ ಏಳು ದಿನದ್ದು, ಸ್ನಾಯು ಬಲಿಯೋಕೆ ಆರು ವಾರ ಬೇಕು. ಆದ್ದರಿಂದ ಈ ಕೆಲಸವನ್ನ ಶಿಬಿರಕ್ಕೆ ಸೇರಿಸೋದು ಬೇಡ. ನಮಗೆಲ್ಲ ಡಿಗ್ರಿ ಮುಗಿಯೋದರೊಳಗೆ ನೂರು ಆಕ್ಟಿವಿಟಿ ಪಾಯಿಂಟ್ ಬೇಕೇ ಬೇಕು. ಸಸಿ ಜೊತೆ ಫೋಟೋ ತೆಗೆಸಿಕೊಳ್ಳುವ ಬದಲು ಆರು ಭಾನುವಾರ ಒಂದೇ ಮನೆಗೆ ಹೋಗಿ ತಖ್ತೆ ನೋಡಿ, ಚೀಲ ತೂಗಿ, ಅಲುಗುವ ಮಣೆಗೆ ಮೊಳೆ ಹೊಡೆದು ಬರಬಹುದು. ಒಂದು ಮನೆಗೆ ಇಬ್ಬರು ಸಾಕು. ಮಣೆಯ ಡ್ರಾಯಿಂಗ್‌ಗೆ ಮೊದಲ ವರ್ಷದ ಕ್ಯಾಡ್ ಸಾಲುತ್ತೆ, ಹಾಳೆ ಬರೆಯೋಕೆ ತಿಕೋಟಾ ಕಡೆಯ ಮಾತು ಬಲ್ಲವರು ಬೇಕು, ಫಿಸಿಯೋಥೆರಪಿ ಓದುತ್ತಿರುವ ಗೆಳೆಯರಿದ್ದರೆ ಅವರ ಕಾಲೇಜಿನ ಗುರುಗಳಿಗೆ ಹಾಳೆ ತೋರಿಸಿ ತಿದ್ದಿಸಬೇಕು. ಬರುವವರು ಸಂಘದ ಕೋಣೆಯಲ್ಲಿ ಹೆಸರು ಬರೆಸಿ, ಬರುವಾಗ ಮನೆಯಲ್ಲಿ ಬಿದ್ದಿರುವ ಒಂದು ಹಳೇ ಪಾಟಿಚೀಲ ತನ್ನಿ, ಝಿಪ್ ಹರಿದಿದ್ದರೂ ನಡೆಯುತ್ತೆ, ಹೆಗಲ ಪಟ್ಟಿ ಮಾತ್ರ ಗಟ್ಟಿ ಇರಲಿ.