ಯಾವ ಬೆರಳಿನಲ್ಲಿ ವಿಷ?

ಮುಂಬಯಿ ಮಳೆಗಾಲ ಪುಸ್ತಕಗಳ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತೇವ, ಕಪಾಟಿಗೆ ತೇವ, ಊರಿನಿಂದ ಹೊತ್ತು ತಂದ ಪುಸ್ತಕಗಳ ಬೆನ್ನಿಗೆಲ್ಲ ಬೂಷ್ಟು. ಬೂಷ್ಟು ತಿನ್ನಲು ಪುಸ್ತಕದ ಹೇನುಗಳು ಬರುತ್ತವೆ. ಆ ಹೇನುಗಳನ್ನು ತಿನ್ನಲು ಎಳ್ಳುಕಾಳಿನಷ್ಟೇ ಇರುವ ಇನ್ನೊಂದು ಜೀವಿ ಬರಬಹುದು. ಎಂಟು ಕಾಲು, ಮುಂದೆ ಎರಡು ಇಕ್ಕಳ, ಥೇಟ್ ಚೇಳೇ. ಆದರೆ ಬಾಲವಿಲ್ಲ, ಕೊಂಡಿಯಿಲ್ಲ. ಇದು ಹುಸಿಚೇಳು.

ಜೇಡ, ಚೇಳು, ನುಸಿಗಳ ಬಳಗಕ್ಕೇ ಸೇರಿದ್ದರೂ ಹುಸಿಚೇಳುಗಳದ್ದು ಬೇರೆಯೇ ಗಣ. ಜಗತ್ತಿನಲ್ಲಿ 3,000ಕ್ಕೂ ಹೆಚ್ಚು ಪ್ರಭೇದಗಳಿವೆ, 20ಕ್ಕೂ ಹೆಚ್ಚು ಕುಟುಂಬಗಳಿವೆ. ಪುಸ್ತಕಗಳ ನಡುವೆ ಸಿಗುವ ಪ್ರಸಿದ್ಧ ಹುಸಿಚೇಳಿಗೆ ಲಿನ್ನೇಯಸ್ 1758ರಲ್ಲೇ ಹೆಸರಿಟ್ಟಿದ್ದ. ಇಂದು ಅದು ಚೆಲಿಫರ್ ಕ್ಯಾಂಕ್ರಾಯ್ಡಿಸ್, ಕುಟುಂಬ ಚೆಲಿಫೆರಿಡೇ. ಮನುಷ್ಯರ ಸಾಮಾನು ಸರಂಜಾಮಿನ ಜೊತೆ ಲೋಕವನ್ನೆಲ್ಲ ಸುತ್ತಿದ ಜೀವಿ ಇದು.

ನೋಡಲು ಒಂದೇ ತರಹ ಇರುವ ಇವುಗಳ ಕುಟುಂಬ ಗುರುತಿಸುವುದು ಹೇಗೆ? ಸೂಕ್ಷ್ಮದರ್ಶಕದಡಿ ಇಕ್ಕಳವನ್ನೇ ನೋಡಬೇಕು. ಇಕ್ಕಳಕ್ಕೆ ಎರಡು ಬೆರಳು: ಒಂದು ಅಲುಗುತ್ತದೆ, ಇನ್ನೊಂದು ಅಲುಗದು. ಅಲುಗುವ ಬೆರಳಿನಲ್ಲಷ್ಟೇ ವಿಷವಿದ್ದರೆ ಚೆರ್ನೆಟಿಡೇ. ಅಲುಗದ ಬೆರಳಿನಲ್ಲಷ್ಟೇ ಇದ್ದರೆ ಅಟೆಮ್ನಿಡೇ. ಎರಡರಲ್ಲೂ ಇದ್ದರೆ ಚೆಲಿಫೆರಿಡೇ, ಇಲ್ಲವೇ ಅದರ ನೆಂಟ ವಿಥಿಯಿಡೇ. ಇಕ್ಕಳದ ಮೇಲಿನ ಉದ್ದ ಸೂಕ್ಷ್ಮ ಕೂದಲುಗಳೂ ಲೆಕ್ಕಕ್ಕೆ ಬರುತ್ತವೆ. ಬೆಳೆದ ಜೀವಿಗೆ ಸಾಮಾನ್ಯವಾಗಿ ಪ್ರತಿ ಇಕ್ಕಳಕ್ಕೆ 12, ಮರಿಗೆ ಮೊದಲು 4. ಪೊರೆ ಕಳಚಿದಂತೆ ಕೂದಲು ಹೆಚ್ಚುತ್ತವೆ. ಹಾಗಾಗಿ ಮರಿಯನ್ನು ನೋಡಿ ಕುಲ ಹೇಳುವುದು ಕಷ್ಟ.

ನಮ್ಮ ದೇಶದ ಹುಸಿಚೇಳುಗಳನ್ನು ಹೀಗೆ ಕೂದಲೆಣಿಸಿ ವಿಂಗಡಿಸಿದವರು ಮೂರ್ತಿ ಮತ್ತು ಟಿ. ಎನ್. ಅನಂತಕೃಷ್ಣನ್, ಅವರ ಗ್ರಂಥ 1977ರಲ್ಲಿ ಬಂತು. ಕುಟುಂಬ ತಿಳಿದರೆ ನಂಟು ತಿಳಿಯುತ್ತದೆ. ತುಡುವೆ ಜೇನುಗೂಡಿನಲ್ಲಿ ವಾಸಿಸುವ ಎಲ್ಲಿಂಗ್ಸೇನಿಯಸ್ ಇಂಡಿಕಸ್ ಕೂಡ ಚೆಲಿಫೆರಿಡೇ ಮನೆಯದೇ. ಮಲೆನಾಡಿನವರು ಬಲ್ಲ ಜೇನುಪೆಟ್ಟಿಗೆಯ ಜೀವಿಗೂ ಪುಸ್ತಕದ ಜೀವಿಗೂ ಹೀಗೆ ದಾಯಾದಿ ಸಂಬಂಧ. ರೆಕ್ಕೆಯಿಲ್ಲದ ಹುಸಿಚೇಳುಗಳಲ್ಲಿ ಹಲವು ನೊಣದ, ಜೀರುಂಡೆಯ ಕಾಲು ಹಿಡಿದು ಊರೂರು ದಾಟುತ್ತವೆ. ಟಿಕೆಟ್ ಇಲ್ಲ, ರಿಸರ್ವೇಶನ್ ಇಲ್ಲ!

ಇವುಗಳ ವಿಷ ಹೇನು, ನುಸಿಗಳ ಮಟ್ಟದ್ದು, ನಮಗೇನೂ ಆಗದು. ಆದರೆ ಚೇಳಿನಾಕಾರ ಕಂಡೊಡನೆ ನಾವು ಚಪ್ಪಲಿ ಹುಡುಕುತ್ತೇವೆ, ಇಲ್ಲವೇ ಔಷಧಿ ಹೊಡೆಸುತ್ತೇವೆ. ಆಗ ಹೇನಿನ ಜೊತೆ ಹೇನು ತಿನ್ನುವುದೂ ಸಾಯುತ್ತದೆ. ಬೂಷ್ಟು ಉಳಿದಿದ್ದರೆ ಹೇನು ಮತ್ತೆ ಬರುತ್ತದೆ. ಈ ಮಳೆಗಾಲದಲ್ಲಿ ಹಾಳೆಗಳ ನಡುವೆ ಪುಟ್ಟ ಇಕ್ಕಳ ಕಂಡರೆ, ಒಂದು ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು ಬಾಲ ಇದೆಯೇ ನೋಡಿ. ಇಲ್ಲದಿದ್ದರೆ ಕಪಾಟಿಗೇ ವಾಪಸು ಬಿಡಿ.