ಎದುರಾಳಿಯ ಕೈ ಬರಿದುಮಾಡುವ ಕಟ್ಟು

ಎದುರಾಳಿಗೆ ಆಡಲು ಆಸ್ಪದವನ್ನೇ ಕೊಡದೆ ಗೆಲ್ಲುವುದು ಆಟವೆನಿಸೀತೆ? ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಎಲೆಯಾಟವನ್ನು ಬಲ್ಲ ತರುಣರಲ್ಲಿ ಈ ಪ್ರಶ್ನೆಯ ವಿಷಯವಾಗಿ ಜಗಳಗಳೇ ನಡೆಯುವುದುಂಟು. ಕ್ರಮಯೋಜನೆ-ವಿಕಲ್ಪಗಳ ಗಣಿತವನ್ನು ಅಭ್ಯಸಿಸಿದ್ದ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬವರು ರಚಿಸಿದ ಈ ಆಟ 1993ರಲ್ಲಿ ಕಾಗದದ ಎಲೆಗಳಾಗಿ ಹೊರಬಂದಿತು. 2019ರಲ್ಲಿ ‘ಅರೀನಾ’ ಎಂಬ ಹೆಸರಿನಿಂದ ಗಣಕಯಂತ್ರದ ಪರದೆಯ ಮೇಲೆ ವಿಧಿವತ್ತಾಗಿ ಕಾಲಿರಿಸಿತು. ಇಸ್ಪೀಟಿಗೂ ಇದಕ್ಕೂ ಇರುವ ಮುಖ್ಯ ಭೇದವೆಂದರೆ, ಇಲ್ಲಿ ಇಬ್ಬರೂ ಒಂದೇ ಕಟ್ಟಿನಿಂದ ಆಡುವುದಿಲ್ಲ. ಸಾವಿರಾರು ಬಗೆಯ ಎಲೆಗಳಿಂದ ಕನಿಷ್ಠ 60ನ್ನು ಆರಿಸಿ, ಆಟಗಾರರು ‘ಡೆಕ್’ ಎಂದು ಕರೆಯುವ ಕಟ್ಟನ್ನು ಪ್ರತಿಯೊಬ್ಬನೂ ತಾನೇ ಹೊಂದಿಸಿಕೊಂಡು ಬರಬೇಕು. ಶಕ್ತಿಯನ್ನೊದಗಿಸುವ ಮೂಲ ನೆಲದ ಎಲೆಗಳನ್ನು ಬಿಟ್ಟರೆ, ಸಾಮಾನ್ಯವಾಗಿ ಯಾವ ಎಲೆಯದೂ ನಾಲ್ಕಕ್ಕಿಂತ ಹೆಚ್ಚು ಪ್ರತಿಗಳಿರಕೂಡದು. ಇಬ್ಬರಿಗೂ 20 ಅಂಕಗಳ ಆಯುಸ್ಸು. ಮೊದಲಿಗೆ ಕೈಯಲ್ಲಿ 7 ಎಲೆ, ಆಮೇಲೆ ಸರದಿಗೊಂದು.

ಕೆಲವರು ಬಲಿಷ್ಠವಾದ ಪ್ರಾಣಿಗಳನ್ನು ಒಟ್ಟುಗೂಡಿಸಿ ನೇರವಾಗಿ ಮೇಲೆರಗುತ್ತಾರೆ. ಮತ್ತೆ ಕೆಲವರು ಎದುರಾಳಿಯ ಯೋಜನೆಯನ್ನೇ ಕೆಡಿಸಹೊರಡುತ್ತಾರೆ. 1998ರಲ್ಲಿ ಬಂದ ‘ಡ್ಯುರೆಸ್’ ಎಂಬ ಎಲೆಯನ್ನು ನೋಡಿರಿ. ಒಂದೇ ಒಂದು ಅಂಶ ಶಕ್ತಿಯನ್ನು ವ್ಯಯಿಸಿ ಎದುರಾಳಿಯ ಕೈಯನ್ನು ಪೂರ್ತಿ ಬಿಚ್ಚಿ ನೋಡಬಹುದು. ಅದರಲ್ಲಿ ಪ್ರಾಣಿಯೂ ನೆಲವೂ ಅಲ್ಲದ ಒಂದನ್ನು ಆರಿಸಿ ಬಿಸುಡಿಸಬಹುದು. ಇಂಥ ಎಲೆಗಳ ಕಟ್ಟನ್ನು ಹಿಡಿದು ಬಂದವನನ್ನು ಕಂಡರೆ ಅನೇಕರಿಗೆ ಅಸಹ್ಯ. ನಾವಾದರೋ ಅವನ ಪಕ್ಷ ವಹಿಸುತ್ತೇವೆ. ಚದುರಂಗದಲ್ಲಿ ಎದುರಾಳಿಯ ಕುದುರೆಗೆ ಹೋಗಲು ಮನೆಯಿಲ್ಲದಂತೆ ಮಾಡಿದವನನ್ನು ಯಾರೂ ಜರೆಯುವುದಿಲ್ಲವಲ್ಲ! ಅಷ್ಟೇ ಅಲ್ಲ, ಈ ಬಗೆಯ ಕಟ್ಟನ್ನು ಸರಿಯಾಗಿ ಹೊಂದಿಸಲು ಬೇಕಾಗುವಷ್ಟು ಲೆಕ್ಕಾಚಾರ ಮೇಲೆರಗುವ ಕಟ್ಟಿಗೆ ಬೇಕಾಗುವುದಿಲ್ಲವೆಂದೇ ನಮ್ಮ ಮತ.

ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಸಿಯುವ ಎಲೆಗೆ ಬೆಲೆಯಿರುವುದು ಮೊದಲ ಎರಡು ಮೂರು ಸರದಿಗಳಲ್ಲಿ. ಎದುರಾಳಿಯ ಕೈ ಬರಿದಾದ ಮೇಲೆ ಬಂದರೆ ಅದು ಬರಿಯ ಕಾಗದ. ಆದುದರಿಂದ ಮೊದಲ ಏಳರಲ್ಲಿಯೇ ಒಂದಾದರೂ ಬರಬೇಕು. 60 ಎಲೆಗಳಲ್ಲಿ ಅಂಥವು 4 ಇದ್ದರೆ ಹಾಗೆ ಬರುವ ಸಂಭವನೀಯತೆ ಸುಮಾರು ಶೇಕಡಾ 40. ಎಂಟಕ್ಕೆ ಏರಿಸಿದರೆ ಅದು 80 ಆಗುವುದೆಂದು ಆತುರದಲ್ಲಿ ಹೇಳುವವರು ಕಾಲೇಜಿನಲ್ಲಿಯೂ ಇದ್ದಾರೆ. ವಾಸ್ತವವಾಗಿ ಆಗುವುದು 65 ಮಾತ್ರ; ಹನ್ನೆರಡಕ್ಕೆ 81. ಮೊದಲ ನಾಲ್ಕು ಎಲೆಗಳಿಂದ 40, ಮುಂದಿನ ನಾಲ್ಕರಿಂದ 25, ಆಮೇಲಿನ ನಾಲ್ಕರಿಂದ 16! ಹೀಗೆ ಲಾಭ ಇಳಿಯುತ್ತ ಹೋದರೆ, ತಡವಾಗಿ ಕೈಗೆ ಬಂದು ವ್ಯರ್ಥವಾಗುವ ಎಲೆಗಳ ಸಂಖ್ಯೆ ಏರುತ್ತ ಹೋಗುತ್ತದೆ. ಏಳೆಂಟರ ಆಸುಪಾಸಿನಲ್ಲಿ ನಿಲ್ಲುವುದು ವಿವೇಕವೆಂದು ನಮಗೆ ತೋರುತ್ತದೆ.

ಇಷ್ಟರಿಂದಲೇ ಗೆಲುವು ಬಾರದು. ಒಂದನ್ನು ಕಸಿಯಲು ನಮ್ಮದೂ ಒಂದು ಎಲೆ ವೆಚ್ಚವಾಗುತ್ತದೆ. ಎದುರಾಳಿಯಾದರೋ ಸರದಿಗೊಂದು ಹೊಸ ಎಲೆಯನ್ನು ಎಳೆದುಕೊಳ್ಳುತ್ತಲೇ ಇರುತ್ತಾನೆ. ಹೊಡೆತಕ್ಕೆ 2 ಅಂಕ ಕಳೆಯುವ ಒಂಟಿ ಪ್ರಾಣಿ ನಮ್ಮಲ್ಲಿದ್ದರೆ 20 ಅಂಕಗಳನ್ನು ಮುಗಿಸಲು ಹತ್ತು ಸರದಿ ಬೇಕು, ಅಷ್ಟರಲ್ಲಿ ಅವನ ಕೈಗೆ ಸುಮಾರು ಹತ್ತು ಎಲೆ ಬಂದಿರುತ್ತವೆ. 4 ಅಂಕ ಕಳೆಯುವುದಿದ್ದರೆ ಐದೇ ಸರದಿ, ಐದೇ ಎಲೆ. ಕಸಿದುಕೊಂಡದ್ದರಿಂದ ನಮಗೆ ದೊರೆಯುವುದು ಕಾಲಾವಕಾಶ ಮಾತ್ರ. ಅದರೊಳಗೆ ಹೊಡೆಯಬಲ್ಲ ಪ್ರಾಣಿಯಿಲ್ಲದ ಕಟ್ಟು ನಿಧಾನವಾಗಿ ಸೋಲುವ ಕಟ್ಟು. ಹೊಸಬರು ಎಡವುವುದು ಇಲ್ಲಿಯೇ. ಇನ್ನು, ಎದುರಾಳಿಯದು ಬರಿಯ ಪ್ರಾಣಿಗಳ ಕಟ್ಟಾದರೆ ‘ಡ್ಯುರೆಸ್’ ಮುಟ್ಟುವುದೇನನ್ನು? ಮೂರು ಆಟಗಳ ಪಂದ್ಯದಲ್ಲಿ ಬದಿಗಿರಿಸಿಕೊಳ್ಳಲು ಅನುಮತಿಯಿರುವ 15 ಎಲೆಗಳಲ್ಲಿ ಇದನ್ನು ಇಟ್ಟುಕೊಂಡು, ಮೊದಲ ಆಟದಲ್ಲಿ ಎದುರಾಳಿಯ ಬಗೆಯನ್ನು ತಿಳಿದ ಮೇಲೆ ಒಳಗೆ ತರುವುದುಂಟು.

ಯಂತ್ರ ಮೋಸದಿಂದ ಕಲಸುತ್ತದೆಂಬ ದೂರನ್ನು ನಾವು ಬಹಳ ಸಲ ಕೇಳಿದ್ದೇವೆ. ಅದರಲ್ಲಿ ಒಂದು ಪಾಲು ಸತ್ಯವಿದೆ: ಒಂದೇ ಆಟದ ಪಂದ್ಯದಲ್ಲಿ ಅರೀನಾ ಮೊದಲ ಏಳನ್ನು ಒಂದಕ್ಕಿಂತ ಹೆಚ್ಚು ಸಲ ಹಂಚಿ, ನೆಲದ ಎಲೆಗಳ ಪ್ರಮಾಣ ಸಮಂಜಸವಾಗಿರುವ ಕೈಯತ್ತ ಒಲವು ತೋರುತ್ತದೆ. ಇದನ್ನು ತಯಾರಕರೇ ತಿಳಿಸಿದ್ದಾರೆ. ಉಳಿದ ದೂರೆಲ್ಲ ಬಹುಮಟ್ಟಿಗೆ ನಮ್ಮ ಕೈಗಳ ದೋಷ. 52 ಎಲೆಗಳ ಕಟ್ಟು ಚೆನ್ನಾಗಿ ಬೆರೆಯಲು ಎರಡು ಪಾಲು ಮಾಡಿ ಒಂದರೊಳಗೊಂದನ್ನು ಸುಮಾರು ಏಳು ಸಲ ಹೆಣೆಯಬೇಕೆಂದು ಬೇಯರ್ ಮತ್ತು ಡಯಕೋನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿಕೊಟ್ಟರು. ಎರಡು ಮೂರು ಸಲಕ್ಕೇ ತೃಪ್ತರಾಗುವ ನಮಗೆ ನಿಜವಾದ ಯಾದೃಚ್ಛಿಕತೆಯೇ ವಂಚನೆಯಂತೆ ಕಾಣುತ್ತದೆ.

ಒಂದು ಮಾತನ್ನು ಮಾತ್ರ ಕಟುವಾಗಿಯೇ ಹೇಳುತ್ತೇವೆ. ಹೊಸ ಎಲೆಗಳಿಗಾಗಿ ದುಡ್ಡು ಕೊಟ್ಟು ಕೊಳ್ಳುವ ಪೊಟ್ಟಣದಲ್ಲಿ ಏನಿದೆಯೆಂಬುದು ತೆರೆಯುವ ತನಕ ತಿಳಿಯದು. ಮೇಲಿನ ಗಣಿತವನ್ನು ಕಲಿಯದವನ ಜೇಬಿಗೇ ಅದು ಕೈಹಾಕುತ್ತದೆ. ತಂದೆತಾಯಿಗಳ ಹಣ ಅಲ್ಲಿಗೆ ಹೋಗುವ ಮುನ್ನ ವಿದ್ಯಾರ್ಥಿ ಮಿತ್ರರು ಹಳೆಯ ನೋಟುಬುಕ್ಕಿನಿಂದ 60 ಚೀಟಿಗಳನ್ನು ಕತ್ತರಿಸಿಕೊಳ್ಳಲಿ. ಎಂಟಕ್ಕೆ ಗುರುತು ಹಾಕಲಿ. ಚೆನ್ನಾಗಿ ಕಲಸಿ ಏಳನ್ನು ಎತ್ತಲಿ. ನೂರು ಸಲ ಹೀಗೆ ಮಾಡಿದರೆ ಗುರುತಿನ ಚೀಟಿ ಸುಮಾರು 65 ಸಲ ಕಾಣಿಸಿಕೊಳ್ಳಬೇಕು. ಎಣಿಸುವ ಕೆಲಸವನ್ನು ತಂಗಿಗೋ ತಮ್ಮನಿಗೋ ವಹಿಸುವುದು ಮೇಲು. ಫಲ ಇಂತಿಷ್ಟೇ ಬರಲೆಂದು ಬಯಸುವವನ ಎಣಿಕೆಯನ್ನು ನಾವು ನಂಬುವುದಿಲ್ಲ.